ಶಿವಮೊಗ್ಗದ ಸುತ್ತ ಹೊಸ ಎಂಟಿಬಿ ಜಾಡು ಹುಡುಕುವುದು ಹೇಗೆ: ನಕ್ಷೆಯಿಂದ ಮೊದಲ ಸವಾರಿಯವರೆಗೆ

ಎಂಟಿಬಿ, ಅಂದರೆ ಗುಡ್ಡದ ಮಣ್ಣುದಾರಿಗೆಂದೇ ಮಾಡಿದ ಮೌಂಟನ್ ಬೈಕ್ ಸೈಕಲ್, ಓಡಿಸಲು ಹೊಸ ಟ್ರೇಲ್ ಹುಡುಕಲು ಹೊರಟವರು ಬರಿಗೈಯಲ್ಲಿ ವಾಪಸಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಅರಣ್ಯ ಇಲಾಖೆಯ ಗೇಟಿನಲ್ಲಿ ತಡೆಯುತ್ತಾರೆ. ಇಲ್ಲವೇ ದಾರಿ ಯಾರದೋ ಅಡಿಕೆ ತೋಟದ ದಣಪೆಗೆ (ಗಳು ಸಿಕ್ಕಿಸಿ ಮುಚ್ಚುವ ಬೇಲಿ ಬಾಗಿಲಿಗೆ) ಬಂದು ಮುಗಿಯುತ್ತದೆ. ಅದೂ ಅಲ್ಲದಿದ್ದರೆ ಗುಡ್ಡದ ಆಚೆ ಬದಿಗೆ ಇಳಿದ ಮೇಲೆ ಮುಂದೆ ದಾರಿಯೇ ಇಲ್ಲವೆಂದು ಗೊತ್ತಾಗಿ, ಸೈಕಲ್ ಹೊತ್ತುಕೊಂಡು ಬಂದ ದಾರಿಯನ್ನೇ ಹತ್ತಬೇಕಾಗುತ್ತದೆ. ಮೂರಕ್ಕೂ ಮೂಲ ಒಂದೇ: ಕೊನೆಗೆ ಮಾಡಬೇಕಾದ ಸವಾರಿಯನ್ನು ಮೊದಲೇ ಮಾಡುವುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕು ಹಂತಕ್ಕೆ ಸೈಕಲ್ ಬೇಕಾಗಿಲ್ಲ, ಅರಣ್ಯ ಕಚೇರಿಗೆ ಹೋಗಿ ಕೇಳುವುದೊಂದನ್ನು ಬಿಟ್ಟು ಉಳಿದದ್ದನ್ನು ಮನೆಯಲ್ಲೇ ಕೂತು ಮುಗಿಸಬಹುದು.

ಹಂತ 1: ಹೋಗಬಾರದ ಜಾಗವನ್ನು ಮೊದಲು ತೆಗೆದುಹಾಕಿ

ನಗರವನ್ನು ನಡುವಿಟ್ಟು ನಕ್ಷೆಯಲ್ಲಿ 25 ಕಿ.ಮೀ. ವೃತ್ತ ಹಾಕಿ. ಅದರಲ್ಲಿ ಪಶ್ಚಿಮ ಮತ್ತು ನೈರುತ್ಯದ ದೊಡ್ಡ ಪಾಲು, ಅಂದರೆ ಗಾಜನೂರು, ಸಕ್ರೆಬೈಲು ಕಡೆಯ ಕಾಡು, ಶೆಟ್ಟಿಹಳ್ಳಿ ವನ್ಯಜೀವಿ ಧಾಮಕ್ಕೆ ಸೇರುತ್ತದೆ. ದಕ್ಷಿಣಕ್ಕೆ ಉಂಬ್ಳೇಬೈಲು ದಾಟಿ ಲಕ್ಕವಳ್ಳಿ ದಿಕ್ಕಿಗೆ ಹೋದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಹತ್ತಿರವಾಗುತ್ತದೆ. ನಕ್ಷೆಯಲ್ಲಿ ಅತಿ ಚೆಂದ ಕಾಣುವ ಜಾಡುಗಳೆಲ್ಲ ಇಲ್ಲೇ ಇರುವುದರಿಂದ ಹೊಸಬರು ನೇರ ಇಲ್ಲಿಗೇ ಹೋಗುತ್ತಾರೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಧಾಮದೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಧಾಮವಲ್ಲದ ಮೀಸಲು ಅರಣ್ಯದಲ್ಲೂ ಅತಿಕ್ರಮ ಪ್ರವೇಶ ಕರ್ನಾಟಕ ಅರಣ್ಯ ಕಾಯ್ದೆ, 1963ರ ಅಡಿ ಅಪರಾಧ. ಕಾಡಿನ ನಡುವೆ ಹಾದುಹೋಗುವ ಸಾರ್ವಜನಿಕ ಡಾಂಬರು ರಸ್ತೆಯಲ್ಲಿ ಹೋಗುವುದಕ್ಕೂ, ಅದರಿಂದ ಇಳಿದು ಒಳದಾರಿ ಹಿಡಿಯುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. "ಎಲ್ಲರೂ ಹೋಗ್ತಾರೆ" ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಧಾಮದ ಗಡಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಫೋನಿನ ಹಸಿರು ಬಣ್ಣ ನೋಡಿ ತೀರ್ಮಾನಿಸಬೇಡಿ. ಆ ವಲಯದ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ನೀವು ನೋಡಿರುವ ಊರಿನ ಹೆಸರು ಮತ್ತು ಸರ್ವೆ ನಂಬರ್ (ಅದನ್ನು ಪಡೆಯುವ ರೀತಿ ಹಂತ 4ರಲ್ಲಿದೆ) ಹೇಳಿ ಕೇಳಿ. ಬರೀ "ಸೈಕ್ಲಿಂಗ್‌ಗೆ ಜಾಗ ಇದೆಯಾ" ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ.

ಉಳಿಯುವುದು ಏನು? ಆಯನೂರು, ಕುಂಸಿ ದಿಕ್ಕಿನಲ್ಲಿ ಧಾಮದ ಹೊರಗೆ ಉಳಿದ ಹಳ್ಳಿಗಳ ಬಂಡಿದಾರಿಗಳು, ಊರುಗಳ ನಡುವಿನ ಹಳೆಯ ಕಾಲುದಾರಿಗಳು, ಗೋಮಾಳದ ಗುಡ್ಡಗಳು, ಕೆರೆ ಏರಿಗಳು. ಪೂರ್ವಕ್ಕೆ ಕೂಡ್ಲಿ, ಹೊಳೆಹೊನ್ನೂರು ಕಡೆ ನೆಲ ಸಪಾಟು. ಅಲ್ಲಿ ಚಾನಲ್ ಏರಿಯ ಮಣ್ಣುದಾರಿಗಳು ಒಂದು ಜಾಡನ್ನು ಇನ್ನೊಂದಕ್ಕೆ ಸೇರಿಸಲು ಬಹಳ ಉಪಯೋಗಕ್ಕೆ ಬರುತ್ತವೆ. ಅಕೇಶಿಯಾ ಮತ್ತು ನೀಲಗಿರಿ ನೆಡುತೋಪುಗಳ ಕೂಪು ದಾರಿಗಳು (ಕಡಿದ ಮರ ಸಾಗಿಸುವ ದಾರಿಗಳು) ಸವಾರಿಗೆ ಹೇಳಿ ಮಾಡಿಸಿದಂತಿವೆ, ಆದರೆ ಬಹುಪಾಲು ಅರಣ್ಯ ಭೂಮಿಯಲ್ಲೇ ಇವೆ. ಅವಕ್ಕೂ ಕೇಳಿಯೇ ಹೋಗಬೇಕು.

ಹಂತ 2: ನಾಲ್ಕು ನಕ್ಷೆಗಳನ್ನು ಒಟ್ಟಿಗೆ ಓದಿ

ಒಂದೇ ನಕ್ಷೆ ನಂಬಿದವರೇ ದಾರಿ ತಪ್ಪುವುದು. ಒಂದೊಂದು ನಕ್ಷೆ ಒಂದೊಂದು ವಿಷಯದಲ್ಲಿ ಮಾತ್ರ ನಂಬಿಕೆಗೆ ಯೋಗ್ಯ.

ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್: ನಗರ ಮತ್ತು ಸುತ್ತಲಿನ ಹಾಳೆಯ ಸಂಖ್ಯೆ 48 ಓ/9. ಇಲಾಖೆಯ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಇದರಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಗುಡ್ಡದ ಆಕಾರ, ಹಳ್ಳ, ಊರುಗಳನ್ನು ಬೆಸೆಯುವ ಹಳೆಯ ದಾರಿಗಳಿಗೆ ಇದನ್ನು ಮೀರಿಸಿದ್ದು ಇಲ್ಲ. ಆದರೆ ಸಮೀಕ್ಷೆ ಹಳೆಯದು. ಇದರಲ್ಲಿರುವ ಕಾಲುದಾರಿ ಈಗ ಶುಂಠಿ ಹೊಲವೋ ಅಡಿಕೆ ತೋಟವೋ ಆಗಿರಬಹುದು.

ಗ್ರಾಮ ನಕಾಶೆ: ಕಂದಾಯ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಸಿಗುತ್ತದೆ. ಜೋಡಿ ತುಂಡುಗೆರೆ ಬಂಡಿದಾರಿ, ಒಂಟಿ ತುಂಡುಗೆರೆ ಕಾಲುದಾರಿ. ನಗರದ ಸವಾರರು ಈ ನಕಾಶೆಯನ್ನು ತೆರೆದು ನೋಡುವುದು ಅಪರೂಪ. ಒಳ್ಳೆಯ ಜಾಡುಗಳು ಕೈತಪ್ಪುವುದು ಇಲ್ಲೇ.

ಓಪನ್‌ಸ್ಟ್ರೀಟ್‌ಮ್ಯಾಪ್: ಓಸ್ಮ್‌ಆ್ಯಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್‌ನಲ್ಲಿ ಕರ್ನಾಟಕದ ನಕ್ಷೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಇದರ ಕೆಲವು ಗೆರೆಗಳು ಉಪಗ್ರಹ ಚಿತ್ರ ನೋಡಿ ಎಳೆದವು, ಯಾರೂ ನಡೆದು ನೋಡಿದ್ದಲ್ಲ. ಆನೆ ಕಂದಕವೋ ವಿದ್ಯುತ್ ಲೈನಿನ ಕೆಳಗೆ ಸವರಿದ ಪಟ್ಟಿಯೋ ದಾರಿಯೆಂದು ದಾಖಲಾಗಿರಬಹುದು.

ಗೂಗಲ್ ಅರ್ಥ್ ಪ್ರೊ: ಕಂಪ್ಯೂಟರಿನಲ್ಲಿ ಬಳಸಿ, ಫೋನಿನಲ್ಲಲ್ಲ. ಹಳೆಯ ಚಿತ್ರಗಳ ಪಟ್ಟಿ ತೆರೆದು ಫೆಬ್ರವರಿಯಿಂದ ಏಪ್ರಿಲ್ ನಡುವಿನ ಚಿತ್ರ ಆರಿಸಿ. ಶಿವಮೊಗ್ಗದ ಸುತ್ತಲಿನ ಎಲೆ ಉದುರುವ ಕಾಡಿನಲ್ಲಿ ತೇಗ ಆಗ ಬೋಳಾಗಿರುತ್ತದೆ, ಕೆಳಗಿನ ಜಾಡು ಬಿಳಿ ನೂಲಿನಂತೆ ಕಾಣುತ್ತದೆ. ಅದೇ ಜಾಗದ ಅಕ್ಟೋಬರ್ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯ ನಿತ್ಯಹಸಿರು ಕಾಡಿಗೂ ಕಾನುಗಳಿಗೂ ಈ ಉಪಾಯ ನಡೆಯದು. ಅಲ್ಲಿ ನಕಾಶೆ ಮತ್ತು ಊರಿನವರ ಮಾತೇ ಆಧಾರ.

ಸ್ಟ್ರಾವಾ ಹೀಟ್‌ಮ್ಯಾಪ್ ಎಂಬ ಐದನೆಯದೂ ಇದೆ, ಸವಾರರು ಮತ್ತು ಓಟಗಾರರು ಆ ಆ್ಯಪ್‌ನಲ್ಲಿ ದಾಖಲಿಸಿದ ಓಡಾಟವನ್ನೆಲ್ಲ ಒಂದೇ ನಕ್ಷೆಯ ಮೇಲೆ ಗೆರೆಗಳಾಗಿ ತೋರಿಸುವುದು. ಯಾರಾದರೂ ಓಡಾಡಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ. ಅವರು ಅನುಮತಿ ಪಡೆದಿದ್ದರೋ, ಕಾಲ್ನಡಿಗೆಯಲ್ಲಿ ಹೋಗಿದ್ದರೋ ಅದು ಹೇಳುವುದಿಲ್ಲ. ಒಂದೇ ಒಂದು ಮಸುಕು ಗೆರೆ ಗುಡ್ಡದ ನಡುವೆ ನಿಂತುಹೋಗಿದ್ದರೆ ಅವರೂ ಅಲ್ಲಿಂದ ಹಿಂದಿರುಗಿದ್ದಾರೆ ಎಂದು ತಿಳಿಯಿರಿ.

ಕನಿಷ್ಠ ಎರಡು ನಕ್ಷೆಯಲ್ಲಿ ಕಂಡ ದಾರಿಯನ್ನು ಮಾತ್ರ ಪಟ್ಟಿಗೆ ಸೇರಿಸಿ. ಎರಡೂ ತುದಿ ಡಾಂಬರು ರಸ್ತೆಗೋ ಊರಿಗೋ ಮುಟ್ಟಬೇಕು. ಒಂದು ತುದಿ ಕಾಡಿನಲ್ಲಿ ಕೊನೆಯಾಗುವ ದಾರಿ ಹೆಚ್ಚಾಗಿ ಸೌದೆಗೋ ಸೊಪ್ಪಿಗೋ ಹೋದವರ ಜಾಡಾಗಿರುತ್ತದೆ.

ಹಂತ 3: ಏರು ಎಷ್ಟಿದೆ ಎಂದು ಲೆಕ್ಕ ಹಾಕಿ

ಟೋಪೋಶೀಟಿನಲ್ಲಿ ಒಂದು ಸಮೋನ್ನತಿ ರೇಖೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ. ದಾರಿಯ ಉದ್ದಕ್ಕೆ 1 ಸೆಂ.ಮೀ.ನಲ್ಲಿ ಎಷ್ಟು ರೇಖೆ ದಾಟುತ್ತದೆ ಎಂದು ಎಣಿಸಿ. ಎರಡಾದರೆ 500 ಮೀಟರಿಗೆ 40 ಮೀಟರ್ ಏರು, ಶೇ 8. ಆರಾಮಾಗಿ ತುಳಿಯಬಹುದು. ಮೂರಾದರೆ ಶೇ 12, ಸಡಿಲ ಜಲ್ಲಿಯಿದ್ದರೆ ಹಿಂದಿನ ಚಕ್ರ ಜಾರತೊಡಗುತ್ತದೆ. ಐದಾದರೆ ಶೇ 20, ಇಳಿದು ತಳ್ಳುವುದೇ.

ಗೂಗಲ್ ಅರ್ಥ್‌ನ ಎತ್ತರದ ನಕ್ಷೆ ಚಿಕ್ಕ ಕಡಿದಾದ ತುಂಡುಗಳನ್ನು ನುಂಗಿಬಿಡುತ್ತದೆ. ಮಲೆನಾಡಿನಲ್ಲಿ ಹಳ್ಳಕ್ಕೆ ಇಳಿಯುವ ಧರೆ (ಕಡಿದಾದ ಮಣ್ಣಿನ ದಂಡೆ) ಎರಡಾಳು ಎತ್ತರವಿದ್ದರೂ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ದಾರಿ ಹಳ್ಳ ದಾಟುವ ಪ್ರತಿ ಜಾಗಕ್ಕೂ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಹಂತ 6ರಲ್ಲಿ ಅದು ಬೇಕಾಗುತ್ತದೆ.

ಹಂತ 4: ನೆಲ ಯಾರದು ನೋಡಿ

ಸರ್ಕಾರದ ಭೂದಾಖಲೆ ಆ್ಯಪ್ ದಿಶಾಂಕ್ ತೆರೆದು ದಾರಿ ಹಾದುಹೋಗುವ ಜಾಗಗಳ ಮೇಲೆ ಒತ್ತಿದರೆ ಸರ್ವೆ ನಂಬರ್ ಬರುತ್ತದೆ. ಅದರ ಪಹಣಿಯಲ್ಲಿ 9ನೇ ಕಾಲಂ ನೋಡಿ. ಸರ್ಕಾರಿ ಗೋಮಾಳವೋ, ಅರಣ್ಯವೋ, ಖಾಸಗಿಯೋ ತಿಳಿಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸೊಪ್ಪಿನಬೆಟ್ಟಗಳಿವೆ. ನೆಲ ಸರ್ಕಾರದ್ದಾದರೂ ಸೊಪ್ಪು ತರುವ ಹಕ್ಕು ತೋಟದವರದ್ದು, ಬೇಲಿಯೂ ಇರಬಹುದು. ಅವರನ್ನು ಕೇಳದೆ ಒಳಹೋಗಬೇಡಿ.

ನಕಾಶೆಯಲ್ಲಿರುವ ದಾರಿಯೇ ಆಗಿದ್ದರೂ, ತೋಟದ ಯಜಮಾನರು ಬೇಡವೆಂದರೆ ಆ ದಾರಿ ಬಿಡಿ. ಹಕ್ಕಿನ ಮಾತು ತೆಗೆದರೆ ಆ ಊರಿನ ಉಳಿದ ದಾರಿಗಳೂ ಮುಚ್ಚುತ್ತವೆ.

ಹಂತ 5: ಊರಿನಲ್ಲಿ ಕೇಳಿ, ಸರಿಯಾದ ಪ್ರಶ್ನೆ ಕೇಳಿ

ಈ ಹಂತಕ್ಕೆ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಹೋಗಿ. ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕಿ ಸೈಕಲ್ ಮೇಲೆ ಕೂತೇ ಕೇಳಿದರೆ ಉತ್ತರ ಚುಟುಕಾಗಿರುತ್ತದೆ.

"ಅಣ್ಣಾ, ಈ ದಾರಿ ಆ ಕಡೆ ಹೋಗುತ್ತಾ?" ಎಂದು ಕೇಳಬೇಡಿ. ಮಲೆನಾಡಿನಲ್ಲಿ ಬಂದವರನ್ನು ಇಲ್ಲ ಎಂದು ಕಳಿಸುವ ರೂಢಿಯಿಲ್ಲ, "ಹೋಗುತ್ತೆ ಹೋಗುತ್ತೆ" ಎಂದೇ ಹೇಳುತ್ತಾರೆ. ನಡೆದು ಹೋಗುವವರಿಗೆ ಅದು ನಿಜವೂ ಹೌದು. ಬದಲಿಗೆ ಹೀಗೆ ಕೇಳಿ:

"ಟ್ರ್ಯಾಕ್ಟರ್ ಎಲ್ಲಿವರೆಗೆ ಹೋಗುತ್ತೆ? ಅಲ್ಲಿಂದ ಮುಂದೆ ಬೈಕ್ ಹೋಗುತ್ತಾ?" ಬೈಕ್ ಹೋಗುವ ದಾರಿಯಲ್ಲಿ ಸೈಕಲ್ ಖಂಡಿತ ಹೋಗುತ್ತದೆ.

"ದನ ಮೇಯಕ್ಕೆ ಯಾವ ಕಡೆ ಹೋಗ್ತಾವೆ?" ದನಗಳು ದಿನಾ ಓಡಾಡುವ ಜಾಡು ಪೊದೆ ಬೆಳೆಯದೆ ತೆರೆದಿರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಹದವಾಗಿ ಏರುವುದರಿಂದ ಸವಾರಿಗೂ ಚೆನ್ನ.

"ಹಳ್ಳಕ್ಕೆ ಸಂಕ (ಕಾಲುಸೇತುವೆ) ಇದೆಯಾ? ಮಳೆಗಾಲದಲ್ಲಿ ಹಾಕ್ತೀರಾ, ಈಗಲೂ ಇರುತ್ತಾ?"

"ಆನೆ, ಕಾಟಿ (ಕಾಡುಕೋಣ) ಕಡೆಯ ಸಲ ಬಂದಿದ್ದು ಯಾವಾಗ?" ಇದನ್ನು ಬಿಡಲೇಬೇಡಿ. ಪುರದಾಳು, ಉಂಬ್ಳೇಬೈಲು, ಆಯನೂರು ಸುತ್ತಮುತ್ತ ಧಾಮದ ಹೊರಗಿನ ಗದ್ದೆ ತೋಟಗಳಿಗೂ ಆನೆ ಬರುತ್ತದೆ. ಈ ವಾರ ಬಂದಿತ್ತು ಎಂದರೆ ಆ ದಾರಿ ಆ ತಿಂಗಳಿಗೆ ಬಿಟ್ಟಂತೆ.

ಒಬ್ಬರನ್ನಲ್ಲ, ಮೂವರನ್ನು ಕೇಳಿ. ಅಂಗಡಿಯವರಿಗೆ ಡಾಂಬರು ರಸ್ತೆ ಗೊತ್ತು. ದನ ಕಾಯುವವರಿಗೆ ಮತ್ತು ಸೊಪ್ಪು ತರುವ ಹೆಂಗಸರಿಗೆ ಒಳದಾರಿ ಗೊತ್ತು. ಇವರು ಹೇಳುವ "ಇಲ್ಲೇ, ಒಂದು ಮೈಲಿ" ಎಂಬುದನ್ನು ಮಾತ್ರ ಎರಡೂವರೆ ಕಿ.ಮೀ. ಎಂದು ಹಿಡಿಯಿರಿ.

ಹಂತ 6: ಒಮ್ಮೆ ನಡೆದು ನೋಡಿ

ಇಡೀ ದಾರಿ ನಡೆಯಬೇಕಾಗಿಲ್ಲ. ಹಳ್ಳ ದಾಟುವ ಜಾಗ, ಎರಡು ನಕ್ಷೆ ಬೇರೆ ಬೇರೆ ಹೇಳುವ ಜಾಗ, ಖಾಸಗಿ ತೋಟದ ಅಂಚು, ಇಷ್ಟನ್ನು ನಡೆಯಿರಿ. ನೋಡಬೇಕಾದ್ದು ಇವು.

ನೆಲ: ನಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಎರಡು ತೊಂದರೆ. ಮಳೆನೀರು ಹರಿದ ಕಡೆ ಕೊರಕಲು ಬೀಳುತ್ತದೆ. ಅದು ಟಯರಿಗಿಂತ ಅಗಲವಾಗಿದ್ದು ಒಂದು ಗೇಣು ಆಳವಿದ್ದರೆ ಇಳಿಯುವಾಗ ಮುಂಚಕ್ರ ಸಿಕ್ಕಿಕೊಂಡು ಮುಂದಕ್ಕೆ ಎಸೆಯುತ್ತದೆ. ಇನ್ನೊಂದು, ಬಟಾಣಿ ಗಾತ್ರದ ದುಂಡು ಗರಸು. ಗಟ್ಟಿ ನೆಲದ ಮೇಲೆ ಅದು ಹರಡಿದ್ದರೆ ತಿರುವಿನಲ್ಲಿ ಯಾವ ಟಯರೂ ಹಿಡಿಯದು.

ದರಗು: ಜನವರಿಯ ನಂತರ ತೇಗದ ಎಲೆ, ವರ್ಷವಿಡೀ ಅಕೇಶಿಯಾ ಎಲೆ. ಕಾಲಿನಿಂದ ಸರಿಸಿ ನೋಡಿ. ಕೆಳಗೆ ಕಲ್ಲೋ ಗುಂಡಿಯೋ ಇದ್ದರೆ ಆ ತುಂಡಿನಲ್ಲಿ ಇಳಿದು ನಡೆಯಬೇಕು ಎಂದು ಬರೆದುಕೊಳ್ಳಿ.

ಅಗಳು: ತೋಟ, ನೆಡುತೋಪುಗಳ ಸುತ್ತ ತೋಡಿದ ಅಗಳು ದಾರಿಗೆ ಅಡ್ಡ ಬಂದರೆ ದಾಟಲು ದಿಮ್ಮಿ ಹಾಕಿದ್ದಾರೆಯೇ ನೋಡಿ. ಪೊದೆ ಮುಚ್ಚಿದ ಅಗಳು ವೇಗವಾಗಿ ಬಂದವರ ಕಣ್ಣಿಗೆ ಬೀಳುವುದೇ ಇಲ್ಲ.

ದಣಪೆ: ತೆಗೆದಿದ್ದರೆ ತೆಗೆದೇ ಬಿಡಿ, ಹಾಕಿದ್ದರೆ ದಾಟಿದ ಮೇಲೆ ಒಂದೊಂದೇ ಗಳು ಹಿಂದಿನಂತೆ ಹಾಕಿ. ಒಂದು ಗಳು ಬಿಟ್ಟುಹೋದರೂ ದನ ತೋಟಕ್ಕೆ ನುಗ್ಗುತ್ತವೆ.

ಗದ್ದೆಯ ಅಂಚಿನ ಮೇಲೆ ಸೈಕಲ್ ಹತ್ತಿಸುವ ದಾರಿಯಿದ್ದರೆ ಅದನ್ನು ಪಟ್ಟಿಯಿಂದ ತೆಗೆಯಿರಿ. ಅಂಚು ಕುಸಿದರೆ ಗದ್ದೆಯ ನೀರು ನಿಲ್ಲುವುದಿಲ್ಲ. ಹಾಗೆಯೇ ದಾರಿ ಮಾಡಿಕೊಳ್ಳಲು ಗಿಡ, ಬಳ್ಳಿ ಕಡಿಯಬೇಡಿ. ಮೀಸಲು ಅರಣ್ಯದಲ್ಲಿ ಅದೂ ಅಪರಾಧ.

ಹಂತ 7: ಸೈಕಲ್ ಮತ್ತು ಸಾಮಾನು

ಮುಂದೆ ಮಾತ್ರ ಸಸ್ಪೆನ್ಷನ್ ಇದ್ದು, ಅದರ ಫೋರ್ಕ್ 100ರಿಂದ 120 ಮಿ.ಮೀ. ಆಡುವ ಹಾರ್ಡ್‌ಟೇಲ್ ಸಾಕು. ಟಯರ್ 2.2 ಇಂಚಿಗಿಂತ ಕಡಿಮೆ ಬೇಡ. 70 ಕೆ.ಜಿ. ತೂಕದವರಿಗೆ ಟ್ಯೂಬ್‌ಲೆಸ್ ಆದರೆ ಮುಂದೆ 22ರಿಂದ 24, ಹಿಂದೆ 25ರಿಂದ 27 ಪಿಎಸ್‌ಐ ಗಾಳಿ. ಟ್ಯೂಬ್ ಇದ್ದರೆ 28ರಿಂದ 32. ಟ್ಯೂಬಿನಲ್ಲಿ ಅದಕ್ಕಿಂತ ಇಳಿಸಿದರೆ ಜಂಬಿಟ್ಟಿಗೆಯ ಚೂಪು ಅಂಚಿಗೆ ರಿಮ್ ಬಡಿದು ಟ್ಯೂಬ್ ಎರಡು ಕಡೆ ಕತ್ತರಿಸುತ್ತದೆ.

ಬಿದಿರು ಮುಳ್ಳು ಇಲ್ಲಿನ ದೊಡ್ಡ ಶತ್ರು. 29 ಇಂಚಿನ ಟಯರಿಗೆ ಸುಮಾರು 100 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ, ಒಣಗಿದ್ದರೆ ತುಂಬಿಸಿ.

ಚೀಲದಲ್ಲಿ: ಪಂಪು, ಒಂದು ಟ್ಯೂಬ್, ಟಯರ್ ಪ್ಲಗ್, ಚೈನ್ ಕಟರ್ ಇರುವ ಮಲ್ಟಿಟೂಲ್, ತುಂಡಾದ ಚೈನ್ ಜೋಡಿಸಲು ನಿಮ್ಮ ಚೈನಿಗೆ ಹೊಂದುವ ಎರಡು ಕ್ವಿಕ್‌ಲಿಂಕ್, ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ಕೊಂಡಿ). ಕೊನೆಯದನ್ನು ಹೆಚ್ಚಿನವರು ಒಯ್ಯುವುದಿಲ್ಲ. ಪೊದೆಯ ಕಡ್ಡಿ ಚಕ್ರಕ್ಕೆ ಸಿಕ್ಕಾಗ ಮೊದಲು ಮುರಿಯುವುದು ಅದೇ, ಮತ್ತು ಹಲವು ಫ್ರೇಮುಗಳಲ್ಲಿ ಅದರ ಅಳತೆ ಬೇರೆ ಬೇರೆ. ಶಿವಮೊಗ್ಗದ ಅಂಗಡಿಯಲ್ಲಿ ನಿಮ್ಮದು ಸಿಗದೇ ಇರಬಹುದು, ಮೊದಲೇ ತರಿಸಿಟ್ಟುಕೊಳ್ಳಿ. ಮೂರು ಲೀಟರ್ ನೀರು, ಪಟ್ಟಿ ಬಟ್ಟೆ, ಸೀಟಿ, ಪವರ್ ಬ್ಯಾಂಕ್, ಚಿಮಟ. ಹ್ಯಾಂಡಲಿಗೆ ಸದಾ ಸದ್ದು ಮಾಡುವ ಪುಟ್ಟ ಗಂಟೆ. ಸೈಕಲ್ ಸದ್ದಿಲ್ಲದೆ ಬರುವುದರಿಂದ ತಿರುವಿನಲ್ಲಿ ಕಾಟಿಯೋ ಕರಡಿಯೋ ಬೆಚ್ಚಿದರೆ ನುಗ್ಗುವುದು ನಿಮ್ಮ ಮೇಲೆಯೇ.

ಹಂತ 8: ಮೊದಲ ಸವಾರಿ

ಗೊತ್ತಿಲ್ಲದ ದಾರಿಯನ್ನು ಮೊದಲ ಸಲ ಹತ್ತಿಯೇ ನೋಡಬೇಕು, ಇಳಿದಲ್ಲ. ಹತ್ತುವಾಗ ದಾರಿ ಮುಗಿದರೆ ಹಿಂದಿರುಗಿ ಉರುಳಿಕೊಂಡು ಬರಬಹುದು. ಇಳಿದ ಮೇಲೆ ಮುಗಿದರೆ ದಣಿದ ಕಾಲಿನಲ್ಲಿ ಅಷ್ಟನ್ನೂ ಹತ್ತಬೇಕು. ನಿಧಾನವಾಗಿ ಹತ್ತುವಾಗ ಕೊರಕಲು, ಕಲ್ಲು, ತಂತಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಇಳಿಯುವ ಸುಖ ಎರಡನೇ ಸವಾರಿಗೆ ಇರಲಿ.

ಮೂವರು ಹೋಗಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಲು, ಇನ್ನೊಬ್ಬರು ನೆಟ್‌ವರ್ಕ್ ಇರುವ ಕಡೆ ಹೋಗಲು. ಗಂಟೆಗೆ 6 ಕಿ.ಮೀ.ಗಿಂತ ಹೆಚ್ಚಿನ ವೇಗ ಲೆಕ್ಕಕ್ಕೆ ಹಿಡಿಯಬೇಡಿ. ಮೊದಲ ಸಲಕ್ಕೆ 10ರಿಂದ 12 ಕಿ.ಮೀ. ಮಣ್ಣುದಾರಿ ಸಾಕು.

ಬೆಳಿಗ್ಗೆ 7ರ ನಂತರ ದಾರಿ ಹಿಡಿದು, ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ಬರೆದಿಡಿ. 11 ಎಂದಿದ್ದರೆ 11ಕ್ಕೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ, "ಇನ್ನೊಂದು ತಿರುವು" ನೋಡುವುದು ಬೇಡ. ಏನೇ ಆದರೂ ಸಂಜೆ 5ಕ್ಕೆ ಡಾಂಬರಿನ ಮೇಲಿರಬೇಕು. ಜಿಪಿಎಕ್ಸ್ ಫೈಲನ್ನೂ (ದಾರಿಯ ಜಿಪಿಎಸ್ ದಾಖಲೆ) ವಾಪಸಾಗುವ ಸಮಯವನ್ನೂ ಮನೆಯವರಿಗೆ ಕಳಿಸಿ. ತುರ್ತು ಸಂಖ್ಯೆ 112, ಆಂಬುಲೆನ್ಸ್ 108.

ಕವಲು ಬಂದಾಗಲೆಲ್ಲ ನಿಂತು ಹಿಂದಕ್ಕೆ ತಿರುಗಿ ಒಂದು ಫೋಟೊ ತೆಗೆಯಿರಿ. ಬರುವಾಗ ಕಾಣುವ ನೋಟ ಅದು. ದಟ್ಟ ಮರಗಳಡಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಸರಿಯುವುದರಿಂದ ಅಕ್ಕಪಕ್ಕದ ಎರಡು ಜಾಡುಗಳನ್ನು ಅದು ಬೇರೆ ಮಾಡಿ ತೋರಿಸಲಾರದು.

ಮಳೆ ಬಂದರೆ ಒಂದೆರಡು ದಿನ ನೆಲ ಆರಲು ಬಿಡಿ. ಚಕ್ರ ಎರಡು ಬೆರಳು ಆಳದ ಗೆರೆ ಬಿಡುತ್ತಿದ್ದರೆ ತಿರುಗಿ ಬನ್ನಿ. ಆ ಗೆರೆಯೇ ಮುಂದಿನ ಮಳೆಗೆ ಕೊರಕಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಡುಕಾಟವೇ ಬೇಡ.

ತಕ್ಷಣ ಹಿಂದಿರುಗಬೇಕಾದ ಗುರುತುಗಳು

ಆನೆ ಲದ್ದಿ ಹೊರಗೂ ಒದ್ದೆಯಾಗಿ ಹೊಳೆಯುತ್ತಿದ್ದು ನೊಣ ಮುತ್ತಿದ್ದರೆ, ಆಗಷ್ಟೇ ಸೀಳಿದ ಬಿದಿರು ಬಿದ್ದಿದ್ದರೆ, ಮುಂದೆ ಹೋಗಬೇಡಿ. ಮಾತಾಡದೆ, ಸೈಕಲ್ ತಿರುಗಿಸಿ, ಬಂದ ದಾರಿಯಲ್ಲೇ ಬನ್ನಿ. ಫೋಟೊ ತೆಗೆಯುವ ಹೊತ್ತಲ್ಲ ಅದು.

ತಂತಿ ಯಾವುದನ್ನೂ ಮುಟ್ಟಬೇಡಿ, ಸೈಕಲ್ ತಾಗಿಸಿಯೂ ಎತ್ತಬೇಡಿ. ಸೋಲಾರ್ ಬೇಲಿ ಹೊಡೆದು ಬಿಡುತ್ತದೆ. ಕದ್ದು ನೇರ ಲೈನಿನಿಂದ ಕೊಟ್ಟ ತಂತಿ ಕೊಲ್ಲುತ್ತದೆ. ಎರಡೂ ನೋಡಲು ಒಂದೇ ಥರ. ಗದ್ದೆ, ತೋಟದ ಅಂಚಿನಲ್ಲಿ ಹಂದಿಗೆಂದು ಇಟ್ಟ ಕ್ಲಚ್ ವಯರಿನ ಉರುಳೂ ಇರುತ್ತದೆ. ದಾರಿಯಲ್ಲಿ ಬಟ್ಟೆಯೋ ದಾರವೋ ಸುತ್ತಿದ ಉಂಡೆ ಕಂಡರೆ ಕಾಲಿನಿಂದಲೂ ತಳ್ಳಬೇಡಿ, ಸಿಡಿಮದ್ದು ಇರಬಹುದು. ಊರಿನವರಿಗೂ ಅರಣ್ಯ ಇಲಾಖೆಗೂ ತಿಳಿಸಿ.

ಸತ್ತ ಮಂಗ ಕಂಡರೆ ಆ ಜಾಗವನ್ನೇ ಬಿಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕಿತ ಉಣ್ಣೆ (ಉಣುಗು) ಕಚ್ಚಿ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಸವಾರಿಗೆ ಒಳ್ಳೆಯ ಕಾಲವೂ ಅದೇ ಆದ್ದರಿಂದ ಈ ವಿಷಯದಲ್ಲಿ ಉದಾಸೀನ ಬೇಡ. ಹೊರಡುವ ಮೊದಲು ಆ ಊರಿನ ಆಶಾ ಕಾರ್ಯಕರ್ತೆಯರನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಪೂರ್ತಿ ತೋಳು, ಉದ್ದ ಪ್ಯಾಂಟು, ಕಾಲುಚೀಲದೊಳಗೆ ಪ್ಯಾಂಟಿನ ತುದಿ, ಬಯಲಿಗೆ ತೆರೆದ ಚರ್ಮಕ್ಕೆ ಉಣ್ಣೆ ದೂರವಿಡುವ ಡೆಪಾ ತೈಲ. ದರಗಿನ ಮೇಲೆ ಕೂರಬೇಡಿ, ಚೀಲವನ್ನೂ ಇಡಬೇಡಿ. ಮನೆಗೆ ಬಂದು ಸೋಪು ಹಚ್ಚಿ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಎರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಮೊದಲೇ ಹೇಳಿ. ಮಳೆಗಾಲದ ಇಂಬಳ (ಜಿಗಣೆ) ಇದರ ಮುಂದೆ ಏನೂ ಅಲ್ಲ.

ಹಂತ 9: ದಾಖಲಿಸಿ, ಆದರೆ ಎಲ್ಲವನ್ನೂ ಹಂಚಬೇಡಿ

ಮನೆಗೆ ಬಂದ ದಿನವೇ ಜಿಪಿಎಕ್ಸ್ ಫೈಲಿಗೆ ಗುರುತುಗಳನ್ನು ಸೇರಿಸಿ: ದಣಪೆ, ಹಳ್ಳ, ಕುಡಿಯುವ ನೀರು, ನೆಟ್‌ವರ್ಕ್ ಸಿಕ್ಕ ಜಾಗ, ಇಳಿದು ನಡೆಯಬೇಕಾದ ತುಂಡು. ಒಂದು ವಾರ ಬಿಟ್ಟರೆ ಯಾವ ಕವಲು ಯಾವುದೆಂದು ಮರೆತುಹೋಗುತ್ತದೆ.

ಸ್ಟ್ರಾವಾದಲ್ಲಿ ಹೊಸ ದಾರಿಯ ದಾಖಲೆ ನಿಮಗೆ ಮಾತ್ರ ಕಾಣುವಂತೆ ಇಡಿ. ಒಬ್ಬ ಯಜಮಾನರು ನಿಮ್ಮ ಮೂವರಿಗೆ ಒಪ್ಪಿದ್ದು ಮೂವತ್ತು ಜನಕ್ಕೆ ಒಪ್ಪಿದಂತಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸಾರ್ವಜನಿಕ ದಾರಿಗಳನ್ನು ಧಾರಾಳವಾಗಿ ಸೇರಿಸಿ. ಖಾಸಗಿ ದಾರಿ ಈಗಾಗಲೇ ಅಲ್ಲಿದ್ದರೆ ಖಾಸಗಿ ಎಂಬ ಗುರುತು ಹಾಕಿ, ಕಂದಕವನ್ನು ದಾರಿಯೆಂದು ಎಳೆದಿದ್ದರೆ ತಿದ್ದಿ. ಮುಂದಿನವರು ಅದೇ ಗೆರೆ ನಂಬಿ ಹೋಗುವುದು ತಪ್ಪುತ್ತದೆ.

ಪ್ರತಿ ಮಳೆಗಾಲದ ನಂತರ, ಅಕ್ಟೋಬರ್ ಕೊನೆಯಲ್ಲಿ, ಹಂತ 5 ಮತ್ತು 6ನ್ನು ಮತ್ತೆ ಮಾಡಿ. ಸಂಕ ಕೊಚ್ಚಿಹೋಗಿರುತ್ತದೆ, ಧರೆ ಕುಸಿದಿರುತ್ತದೆ, ಮರ ಅಡ್ಡ ಬಿದ್ದಿರುತ್ತದೆ, ಕೆಲವೊಮ್ಮೆ ಗೋಮಾಳಕ್ಕೆ ಹೊಸ ಬೇಲಿಯೇ ಬಂದಿರುತ್ತದೆ. ಮುಚ್ಚಿದ ದಾರಿಯ ಫೈಲನ್ನು ಅಳಿಸಿ, ಅದನ್ನು ಪಡೆದ ಸ್ನೇಹಿತರಿಗೂ ಅಳಿಸಲು ಹೇಳಿ.